ಹಿಂದೆ ತಿರುಗಿ ನೋಡಿದ ಜಿರಾಫೆ

ಚಿಕ್ಕಮ್ಮನ ಅಡುಗೆಮನೆಗೆ ಮೊದಲ ಸಲ ಬಂದವರು ಬಾಗಿಲಲ್ಲೇ ನಿಂತುಬಿಡುತ್ತಾರೆ. ಎಲ್ಲೋ ದಾರಿ ತಪ್ಪಿ ಹಾರ್ಡ್‌ವೇರ್ ಅಂಗಡಿಗೆ ಬಂದೆವೇನೋ ಎಂದು ಅವರಿಗೆ ಅನುಮಾನ. ಒಲೆಯ ಪಕ್ಕದ ಗೋಡೆಯಲ್ಲಿ ಸೌಟು, ಜರಡಿ, ಲಟ್ಟಣಿಗೆಗಳ ಸಾಲಿನಲ್ಲೇ ಗರಗಸ, ಸ್ಪ್ಯಾನರು, ಡ್ರಿಲ್ ಮೆಷಿನ್ನು ನೇತಾಡುತ್ತವೆ. ಮೊಟ್ಟೆಯ ಟ್ರೇ ಪಕ್ಕದಲ್ಲಿ ನಟ್ಟು ಬೋಲ್ಟಿನ ಡಬ್ಬಿ. ಸಕ್ಕರೆ ಪುಡಿಯ ಡ್ರಮ್ಮಿಗೆ ಒರಗಿಸಿಟ್ಟ ಪ್ಲೈವುಡ್ ಹಲಗೆಗಳು. ಕೇಕ್ ಮಾಡುವವರು ನೀವೇನಾ ಎಂದು ಕೇಳಿದವರಿಗೆ ಚಿಕ್ಕಮ್ಮ ಕೈಯ ಹಿಟ್ಟು ಒರೆಸಿಕೊಳ್ಳುತ್ತ, ಕೇಕ್ ಮಾಡುವವರು ಬೀದಿಗೊಬ್ಬರಿದ್ದಾರೆ, ನಾನು ಕೇಕ್ ಕಟ್ಟುವವಳು ಎನ್ನುತ್ತಾಳೆ. ಹಾಗೆನ್ನುವಾಗ ಅವಳ ಗದ್ದ ಒಂದಿಷ್ಟು ಮೇಲೇರುತ್ತದೆ. ಏರಲಿ ಬಿಡಿ. ಆ ಗದ್ದ ಏರಿಸುವ ಹಕ್ಕನ್ನು ಅವಳು ಬೆವರು ಸುರಿಸಿ ಸಂಪಾದಿಸಿದ್ದಾಳೆ.

ಅವಳು ಊರಿಗೆಲ್ಲ ಚಿಕ್ಕಮ್ಮನಾದದ್ದು ಗುಬ್ಬಿಯಿಂದ. ಗುಬ್ಬಿ ಎಂದರೆ ಅವಳ ಭಾವನ ಮಗಳು. ಗುಬ್ಬಿ ಕರೆದದ್ದನ್ನು ಕೇಳಿ ಬೀದಿಯ ಮಕ್ಕಳು ಹಾಗೇ ಕರೆದರು, ಆಮೇಲೆ ಆ ಮಕ್ಕಳ ಅಪ್ಪ ಅಮ್ಮಂದಿರೂ ಕರೆದರು. ಈಗಂತೂ ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಪೇಪರಿನವನೂ ಗೇಟಿನಲ್ಲಿ ನಿಂತು ಚಿಕ್ಕಮ್ಮಾ ಎಂದು ಕೂಗುತ್ತಾನೆ. ಹಾಗೆ ಕರೆಯದಿದ್ದವರು ಒಬ್ಬರೇ, ಅವಳ ಅತ್ತೆ. ಅತ್ತೆಯ ಬಾಯಲ್ಲಿ ಅವಳ ಹೆಸರು ಜಿರಾಫೆ. ಜಿರಾಫೆ, ಕಾಫಿ ಆಯ್ತಾ? ಜಿರಾಫೆ, ನನ್ನ ಕನ್ನಡಕ ನೋಡಿದ್ಯಾ? ಚಿಕ್ಕಮ್ಮನೇನೂ ಎತ್ತರದವಳಲ್ಲ. ಮೇಲಿನ ಶೆಲ್ಫಿನಿಂದ ಡಬ್ಬಿ ತೆಗೆಯಲು ಸ್ಟೂಲು ಹತ್ತುವ ಕುಳ್ಳಿ. ಆ ಹೆಸರಿನ ಹಿಂದೆ ಬೇರೆಯದೇ ಕಥೆಯಿದೆ, ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ.

ಗುಬ್ಬಿಗೆ ಒಂದು ವರ್ಷ ತುಂಬಿದಾಗ ಚಿಕ್ಕಮ್ಮ ಆ ಮನೆಗೆ ಹೊಸ ಸೊಸೆ. ಎರಡಂತಸ್ತಿನ ಮನೆ. ಮೇಲೆ ಭಾವನ ಸಂಸಾರ ಮತ್ತು ಅತ್ತೆ, ಕೆಳಗೆ ಇವಳು ಮತ್ತು ಇವಳ ಗಂಡ. ಗಂಡನದು ಪ್ಲಂಬಿಂಗ್ ಕೆಲಸ. ಊರಿನ ಅರ್ಧ ನಲ್ಲಿಗಳು ಅವನ ಮಾತು ಕೇಳುತ್ತಿದ್ದವು, ಮನೆಯಲ್ಲಿ ಮಾತ್ರ ಅವನ ಮಾತು ಕೇಳುವವರು ಯಾರೂ ಇರಲಿಲ್ಲ. ಹೊಸ ಸೊಸೆಗೆ ತನ್ನ ಕೈಚಳಕ ತೋರಿಸುವ ಹುಮ್ಮಸ್ಸು. ಮಗುವಿನ ಹುಟ್ಟುಹಬ್ಬಕ್ಕೆ ಜಿರಾಫೆಯ ಆಕಾರದ ಕೇಕ್ ಮಾಡುತ್ತೇನೆ ಎಂದು ಯಾರೂ ಕೇಳದಿದ್ದರೂ ತಾನೇ ಮುಂದೆ ಬಿದ್ದು ಹೇಳಿದಳು. ಮಾಡಿದಳು ಕೂಡ. ನೋಡಲು ಚೆಂದವೋ ಚೆಂದ. ಹಳದಿ ಮೈ, ಕಂದು ಮಚ್ಚೆ, ರೆಪ್ಪೆಯಿದ್ದ ಕಣ್ಣು. ಒಳಗೇನಿತ್ತು ಎಂದು ಮಾತ್ರ ಕೇಳಬೇಡಿ. ಕೇಕಿನ ಮೇಲೆ ಕೇಕು, ಅದರ ಮೇಲೆ ಇನ್ನೊಂದು ಕೇಕು, ಕತ್ತಿಗೆ ನಾಲ್ಕು ಬಿದಿರು ಕಡ್ಡಿ. ಭಗವಂತನ ಮೇಲೆ ಭಾರ ಹಾಕಿ ಕಟ್ಟಿದ ಪ್ರಾಣಿ ಅದು.

ಮೇಣದಬತ್ತಿ ಹಚ್ಚಿ, ನೆಂಟರಿಷ್ಟರೆಲ್ಲ ಸುತ್ತ ನಿಂತು, ಮಗುವನ್ನು ಮೇಜಿನ ಹತ್ತಿರ ತಂದಾಗ ಜಿರಾಫೆ ನಿಧಾನಕ್ಕೆ ತಲೆ ತೂಗಿತು. ಯಾರೋ ನಕ್ಕರು. ಇನ್ನೊಮ್ಮೆ ತೂಗಿತು. ಆಮೇಲೆ ಕತ್ತು ಬುಡದಲ್ಲೇ ಮುರಿದು ತಲೆ ನೇರವಾಗಿ ಗುಬ್ಬಿಯ ಮಡಿಲಿಗೆ ಬಿತ್ತು. ಮಗು ಕಿಟಾರನೆ ಕಿರುಚಿಕೊಂಡಿತು, ಉಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಜು ಅಲುಗಿತು ಎಂದು ಚಿಕ್ಕಮ್ಮ ಗೊಣಗಿದ್ದಕ್ಕೆ ಅತ್ತೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ನಾಲಿಗೆಗೆ ಮೂಳೆ ಇಲ್ಲವಲ್ಲ.

"ಇವಳ ಕೈಲಿ ಏನೂ ನೆಟ್ಟಗೆ ನಿಲ್ಲಲ್ಲ," ಎಂದು ಎಲ್ಲರೆದುರು ಹೇಳಿಬಿಟ್ಟರು.

ಮಾರನೆಯ ದಿನದಿಂದ ಅವಳು ಜಿರಾಫೆಯಾದಳು. ಮೊದಮೊದಲು ಕುಟುಕಲು ಕರೆದ ಹೆಸರು, ಬರಬರುತ್ತ ಬರೀ ಅಭ್ಯಾಸವಾಯಿತು. ಅತ್ತೆಗೆ ಅದರಲ್ಲಿ ವಿಷವೇನೂ ಉಳಿದಿರಲಿಲ್ಲವೆಂದೇ ಇಟ್ಟುಕೊಳ್ಳೋಣ. ಆದರೆ ಕರೆಯುವವರಿಗೆ ಮರೆತರೂ ಕರೆಸಿಕೊಳ್ಳುವವರಿಗೆ ಮರೆಯುತ್ತದೆಯೇ? ಪ್ರತಿ ಸಲ ಆ ಹೆಸರು ಕಿವಿಗೆ ಬಿದ್ದಾಗಲೂ ಚಿಕ್ಕಮ್ಮನಿಗೆ ಮುರಿದ ಕತ್ತು ಕಣ್ಮುಂದೆ ಬರುತ್ತಿತ್ತು.

ಅವಳು ಅತ್ತಳು, ಇಲ್ಲವೆನ್ನಲಾರೆ. ಆದರೆ ಅತ್ತದ್ದು ಅತ್ತೆಯ ಮಾತಿಗಿಂತ ಹೆಚ್ಚಾಗಿ ತನ್ನ ಅಪ್ಪನನ್ನು ನೆನೆದು. ಅಪ್ಪ ಬೀದಿಯ ಮೂಲೆಯಲ್ಲಿ ಕೂತು ಕೊಡೆ ರಿಪೇರಿ ಮಾಡುತ್ತಿದ್ದವನು. ಕಡ್ಡಿ ಗಟ್ಟಿ ಇದ್ದರೆ ಬಟ್ಟೆ ತಾನಾಗಿ ನಿಲ್ಲುತ್ತೆ ಮಗಳೇ ಎಂದು ಬದುಕಿರುವಷ್ಟು ದಿನವೂ ಹೇಳಿದ್ದ. ಅಂಥವನ ಮಗಳಾಗಿ ಬಟ್ಟೆಗೆ ಮರುಳಾಗಿ ಕಡ್ಡಿಯನ್ನು ಮರೆತೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಒಂದು ದಿನ ಗಂಡನಿಗೆ ಊಟದ ಡಬ್ಬಿ ಕೊಡಲು ಅವನು ಕೆಲಸ ಮಾಡುತ್ತಿದ್ದ ಕಟ್ಟಡದ ತಾರಸಿಗೆ ಹೋದಳು. ಅಲ್ಲಿ ನೀರಿನ ಟ್ಯಾಂಕು ನಾಲ್ಕು ಕೊಳವೆಗಳ ಮೇಲೆ ಆರಾಮಾಗಿ ನಿಂತಿತ್ತು. ಇಷ್ಟು ನೀರು ಹೊತ್ತು ಇದು ಹೇಗೆ ನಿಂತಿದೆ ಎಂದು ಕೇಳಿದಳು. ತನ್ನ ಕೆಲಸದ ಬಗ್ಗೆ ಹೆಂಡತಿ ಕೇಳಿದ ಮೊದಲ ಪ್ರಶ್ನೆ ಅದು! ಪ್ಲಂಬರ್ ಊಟ ಬಿಟ್ಟು ವಿವರಿಸತೊಡಗಿದ. ಕೆಳಗೆ ಫ್ಲ್ಯಾಂಜು, ಅಂದರೆ ಕೊಳವೆಯ ಪಾದ, ಅದನ್ನು ನಾಲ್ಕು ಸ್ಕ್ರೂ ಹಾಕಿ ನೆಲಕ್ಕೆ ಬಿಗಿಯಬೇಕು. ಅದಕ್ಕೆ ಕೊಳವೆ ತಿರುಗಿಸಿ ಕೂರಿಸಬೇಕು. ಮೇಲೆ ಹಲಗೆ. ಕೊಳವೆ ಅಲುಗದಂತೆ ಹಿಡಿಯುತ್ತದೆ, ಭಾರ ಹೊರುವುದು ಹಲಗೆ. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಎರಡೂ ದಂಡ. ಊಟ ತಣ್ಣಗಾಯಿತು, ಚಿಕ್ಕಮ್ಮನ ತಲೆ ಬಿಸಿಯಾಯಿತು.

ಅವತ್ತಿನಿಂದ ಗಂಡನ ಸಾಮಾನು ಕಾಣೆಯಾಗತೊಡಗಿತು. ಫ್ಲ್ಯಾಂಜ್ ಎಲ್ಲಿ ಎಂದರೆ ಕೇಕಿನಲ್ಲಿ. ಮುಕ್ಕಾಲು ಇಂಚಿನ ಕೊಳವೆ ಎಲ್ಲಿ ಎಂದರೆ ಅದೂ ಕೇಕಿನಲ್ಲಿ. ಒಮ್ಮೆ ಯಾರದೋ ಬಚ್ಚಲಿನಲ್ಲಿ ನೀರು ಚಿಮ್ಮುತ್ತಿರುವಾಗ ಅವನು ಚೀಲಕ್ಕೆ ಕೈ ಹಾಕಿದರೆ ಸಿಕ್ಕಿದ್ದು ಗುಲಾಬಿ ಬಣ್ಣದ ಸಕ್ಕರೆ ಹೂವು. ಬೈದುಕೊಂಡನೋ, ಇಲ್ಲ. ಆ ಹೂವನ್ನು ಬಾಯಿಗೆ ಹಾಕಿಕೊಂಡು ಪಕ್ಕದ ಅಂಗಡಿಗೆ ಹೋಗಿ ಹೊಸ ಫ್ಲ್ಯಾಂಜ್ ತಂದ.

ನೆಟ್ಟಗೆ ನಿಲ್ಲುವುದನ್ನು ಚಿಕ್ಕಮ್ಮ ಹೀಗೆ ಕಲಿತಳು. ದಪ್ಪ ಪ್ಲೈವುಡ್ಡಿನ ಅಡಿಹಲಗೆ, ಅದಕ್ಕೆ ಬಿಗಿದ ಕೊಳವೆ, ಕೊಳವೆಗೆ ಶುಚಿಯಾದ ಹಾಳೆಯ ಸುತ್ತು, ಎರಡೆರಡು ಪದರ ಕೇಕಿಗೊಂದು ನಡುಹಲಗೆ. ತೆಳ್ಳಗಿರಬೇಕಾದ ಕಾಲು, ಕೊಂಬು, ರೆಕ್ಕೆಗಳಿಗೆ ಕೇಕ್ ಹಾಕಲೇಬಾರದು, ಗರಿಗರಿ ಮಂಡಕ್ಕಿಯನ್ನು ಮಾರ್ಷ್‌ಮೆಲೋ ಎಂಬ ಮೆತ್ತನೆಯ ಮಿಠಾಯಿಯ ಪಾಕದಲ್ಲಿ ಕಲಸಿ ಮೆತ್ತಬೇಕು. ಹಗುರವೂ ಹೌದು, ಕಲ್ಲಿನಂತೆ ಗಟ್ಟಿಯೂ ಹೌದು. ಆಮೇಲೆ ಚಾಕೊಲೇಟಿನ ಗಿಲಾವು. ಅದೆಲ್ಲ ಆದಮೇಲೆ ಕೊನೆಗೆ ಫಾಂಡೆಂಟು, ಅಂದರೆ ಲಟ್ಟಿಸಿದ ಸಕ್ಕರೆಯ ಹಾಳೆ, ಮೈಗೆ ಹೊದಿಸುವ ತೊಗಲು. ಊರಿನವರು ತೊಗಲು ನೋಡಿ ಆಹಾ ಎನ್ನುತ್ತಾರೆ. ಚಿಕ್ಕಮ್ಮ ಒಳಗಿನ ಕೊಳವೆ ನೆನೆದು ಹೂಂ ಎನ್ನುತ್ತಾಳೆ.

ಹಡಗು ಕಟ್ಟಿದಳು, ಹೊಲಿಗೆ ಯಂತ್ರ ಕಟ್ಟಿದಳು, ಗಾಳಿಯಲ್ಲಿ ಬಾಗಿ ತಾನೇ ಚಹಾ ಸುರಿಯುವ ಕೆಟಲು ಕಟ್ಟಿದಳು. ನಿವೃತ್ತನಾದ ಅಗ್ನಿಶಾಮಕ ದಳದವನಿಗೆ ಏಣಿ ಚಾಚಿದ ಗಾಡಿ ಕಟ್ಟಿಕೊಟ್ಟಾಗ ಅವನು ಕತ್ತರಿಸಲು ಮನಸ್ಸು ಬಾರದೆ ಚಾಕು ಹಿಡಿದು ಅತ್ತೇಬಿಟ್ಟನಂತೆ. ಬೇರೆ ಊರುಗಳಿಂದ ಫೋನು ಬರತೊಡಗಿತು. ಕಟ್ಟಿದ್ದು ಯಾವುದೂ ಬೀಳಲಿಲ್ಲ.

ಕಟ್ಟುವುದು ಅರ್ಧ ಕೆಲಸ, ಮುಟ್ಟಿಸುವುದು ಇನ್ನರ್ಧ. ಅದು ಪ್ಲಂಬರಿನ ಪಾಲಿನದು. ಅವನ ವ್ಯಾನಿನಲ್ಲೇ ಕೇಕು ಹೋಗಬೇಕು, ಅವನೇ ಓಡಿಸಬೇಕು. ಮೊದಲೆಲ್ಲ ಅವನ ಬ್ರೇಕು ಹೇಗಿತ್ತೆಂದರೆ ಕೂತವರ ಹಣೆ ಮುಂದಿನ ಗಾಜಿಗೆ ಮುತ್ತಿಡುತ್ತಿತ್ತು. ಚಿಕ್ಕಮ್ಮ ಒಂದು ಬಕೆಟ್ಟಿಗೆ ಕಂಠಮಟ್ಟ ನೀರು ತುಂಬಿ ವ್ಯಾನಿನ ಹಿಂದೆ ಇಟ್ಟು, ಊರು ಸುತ್ತಿ ಬಾ, ಒಂದು ಹನಿ ಚೆಲ್ಲಿದರೂ ಇವತ್ತು ಊಟವಿಲ್ಲ ಎಂದಳು. ತುಂಬಿದ ಕೊಡ ತುಳುಕುವುದಿಲ್ಲ ಎಂದವನು ಆ ವ್ಯಾನು ಹತ್ತಿರಲಿಕ್ಕಿಲ್ಲ. ಮೊದಲ ದಿನ ಬಕೆಟ್ಟಿನಲ್ಲಿ ಉಳಿದದ್ದು ಕಾಲು ಭಾಗ. ಆದರೆ ಬಿಡಲಿಲ್ಲ ಪುಣ್ಯಾತ್ಮ. ತಿರುವಿಗೆ ಮುಂಚೆಯೇ ನಿಧಾನಿಸುವುದು, ಉಬ್ಬಿಗೆ ಒಂದೊಂದೇ ಚಕ್ರ ಹತ್ತಿಸುವುದು, ಮುಂದಿನ ಗಾಡಿಯವನ ಮನಸ್ಸನ್ನು ಮೊದಲೇ ಓದುವುದು ಎಲ್ಲ ಕಲಿತ. ಈಗ ಅವನ ವ್ಯಾನಿನ ಹಿಂದೆ ಬಕೆಟ್ಟಿಟ್ಟರೆ ನೀರಿಗೆ ನಿದ್ದೆ ಬರುತ್ತದೆ.

ಇಷ್ಟಾದರೂ ಅತ್ತೆಗೆ ಅವಳು ಜಿರಾಫೆಯೇ. ಹಡಗಿನ ಫೋಟೋ ತೋರಿಸಿದರೆ, ಚೆನ್ನಾಗಿದೆ ಜಿರಾಫೆ ಎನ್ನುತ್ತಿದ್ದರು. ಚಿಕ್ಕಮ್ಮ ಫೋಟೋ ಪಕ್ಕಕ್ಕಿಟ್ಟು ಕಾಫಿ ಸೋಸುತ್ತಿದ್ದಳು.

ಹೀಗಿರುವಾಗ ಗುಬ್ಬಿಗೆ ಮದುವೆ ಗೊತ್ತಾಯಿತು. ಚಿಕ್ಕಮ್ಮನ ಅಡುಗೆಮನೆಯಲ್ಲೇ ಹೋಂವರ್ಕ್ ಮಾಡಿ, ಬಟ್ಟಲಿಗೆ ಅಂಟಿದ ಚಾಕೊಲೇಟು ನೆಕ್ಕಿ ಬೆಳೆದ ಹುಡುಗಿ ಅದು. ಕೆಳಗೆ ಬಂದು ಹಿಟ್ಟಿನ ಡ್ರಮ್ಮಿನ ಮೇಲೆ ಕೂತು ಕಾಲಾಡಿಸುತ್ತ, ಮದುವೆಯ ಔತಣದ ಕೇಕು ನೀನೇ ಕಟ್ಟಬೇಕು ಎಂದಳು. ಅದನ್ನು ಬೇರೆ ಹೇಳಬೇಕೇ, ಏಳು ಅಂತಸ್ತು ಕಟ್ಟುತ್ತೇನೆ, ಬೇಕಾದರೆ ಅರಮನೆ ಕಟ್ಟುತ್ತೇನೆ ಎಂದಳು ಚಿಕ್ಕಮ್ಮ.

"ಅರಮನೆ ಬೇಡ ಚಿಕ್ಕಮ್ಮ. ನನಗೆ ಜಿರಾಫೆ ಬೇಕು," ಎಂದಳು ಗುಬ್ಬಿ. "ನನ್ನ ಮೊದಲನೇ ಹುಟ್ಟುಹಬ್ಬದ ಕೇಕು ನನಗೆ ಇನ್ನೂ ಕೊಟ್ಟೇ ಇಲ್ಲ ನೀನು."

ಚಿಕ್ಕಮ್ಮನ ಕೈಯಲ್ಲಿದ್ದ ಲಟ್ಟಣಿಗೆ ಅಲ್ಲೇ ನಿಂತಿತು. ಹಡಗು ಬಿದ್ದರೆ ಹಡಗು ಬಿತ್ತು ಎನ್ನುತ್ತಾರೆ. ಜಿರಾಫೆ ಇನ್ನೊಮ್ಮೆ ಬಿದ್ದರೆ ಅವಳೇ ಬಿದ್ದಂತೆ, ಅದೂ ಗಂಡಿನ ಕಡೆಯವರ ಮುಂದೆ. ಬೇಡವೆನ್ನಲು ಬಾಯಿ ತೆರೆದಳು. ಗುಬ್ಬಿಯ ಮುಖ ನೋಡಿದಳು. ಹೂಂ ಎಂದಳು.

ಮಹಡಿಯ ಮೇಲೆ ಇದು ತಿಳಿದಾಗ ದೊಡ್ಡ ಗಲಾಟೆಯೇನೂ ಆಗಲಿಲ್ಲ. ಗಲಾಟೆಯಾಗಿದ್ದರೇ ಮೇಲಾಗಿತ್ತು. ಅತ್ತೆ ಅಂದದ್ದು ಒಂದೇ ಒಂದು ಮಾತು, ಒಂದು ಸಲ ಬಿದ್ದದ್ದು ಸಾಲದಾ ಎಂದು. ನಾಲ್ಕು ದಿನ ಬಿಟ್ಟು ವಾರಗಿತ್ತಿ, ಅಂದರೆ ಗುಬ್ಬಿಯ ಅಮ್ಮ, ಕಣ್ಣು ತಪ್ಪಿಸುತ್ತ ಕೆಳಗೆ ಬಂದಳು. ಪಾಪ, ಅವಳು ಕೆಟ್ಟವಳಲ್ಲ, ಮಗಳ ಮದುವೆಯೆಂದರೆ ಯಾವ ತಾಯಿಗೆ ಹೆದರಿಕೆ ಇರುವುದಿಲ್ಲ? ಪೇಟೆಯ ಬೇಕರಿಯಿಂದ ಇನ್ನೊಂದು ಕೇಕಿಗೆ ಹೇಳಿದ್ದೇವೆ, ಸುಮ್ಮನೆ ಇರಲಿ ಅಂತ, ಔತಣದ ಹಾಲ್ ಇದೆಯಲ್ಲ, ಅಲ್ಲಿನ ಅಡುಗೆಮನೆಯಲ್ಲಿ ಇಟ್ಟಿರುತ್ತೇವೆ, ಅತ್ತೆಯೇ ಹೇಳಿಸಿದ್ದು ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿ ಹೋದಳು.

ಚಿಕ್ಕಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. ಗಂಡನಿಗೆ ಹೇಳಿದಳು. ಅವನು ಒರೆಸುತ್ತಿದ್ದ ಸ್ಪ್ಯಾನರನ್ನು ಚೀಲಕ್ಕೆ ಹಾಕಿದ. ಆಮೇಲೆ, ಆ ಕೇಕು ಅಡುಗೆಮನೆಯಿಂದ ಹೊರಗೆ ಬರದ ಹಾಗೆ ನೋಡಿಕೊಳ್ಳೋಣ ಎಂದ.

ಜಿರಾಫೆ ಎದ್ದಿತು. ಎಂಥ ಜಿರಾಫೆ ಅಂತೀರಿ! ಹಲಗೆಗೆ ಬಿಗಿದ ನಾಲ್ಕು ಕೊಳವೆ ಕಾಲು, ಅವುಗಳ ಮೇಲೆ ಹೊಟ್ಟೆಯ ಹಲಗೆ, ಹಲಗೆಯ ಮೇಲೆ ಪದರ ಪದರ ಕಿತ್ತಳೆ ಪರಿಮಳದ ಕೇಕು. ಮೈಯೊಳಗಿಂದ ಎದ್ದ ಕತ್ತಿನ ಕೊಳವೆ ಗುಬ್ಬಿಯ ಭುಜದವರೆಗೆ ಬರುತ್ತಿತ್ತು. ತಲೆಯೂ ಸೇರಿದರೆ ವ್ಯಾನಿನ ಸೂರಿಗೆ ಮುಟ್ಟುತ್ತದೆ, ಹಾಗಾಗಿ ತಲೆಯನ್ನು ಬೇರೆಯಾಗಿ ಮಾಡಿ ಅದರೊಳಗೆ ಒಂದು ಗೇಣು ಕೊಳವೆ ಇಟ್ಟಳು. ಪ್ಲಂಬರ್ ತಲೆಯ ಕೊಳವೆಗೆ ಹೊರಗಡೆ, ಕತ್ತಿನ ಕೊಳವೆಗೆ ಒಳಗಡೆ ಮರೆ, ಅಂದರೆ ತಿರುಪಿನ ಗೆರೆ, ಕೊರೆದುಕೊಟ್ಟ. ನಲ್ಲಿ ತಿರುಗಿಸಿ ಕೂರಿಸುವ ಹಾಗೆ ತಲೆಯನ್ನು ಕತ್ತಿನ ಮೇಲೆ ತಿರುಗಿಸಿ ಕೂರಿಸಿದರಾಯಿತು. ಮನೆಯಲ್ಲೇ ಕೂರಿಸಿ ನೋಡಿದರು. ಪೂರ್ತಿ ಬಿಗಿಯಾದಾಗ ಜಿರಾಫೆಯ ಮೂತಿ ಸರಿಯಾಗಿ ಮುಂದಕ್ಕೆ ಬರುತ್ತಿತ್ತು. ಚಿಕ್ಕಮ್ಮ ಹಲಗೆ ಹಿಡಿದು ಅಲುಗಿಸಿದಳು, ಮೇಜನ್ನು ಗುದ್ದಿದಳು. ಜಿರಾಫೆ ಕಿವಿಯನ್ನೂ ಆಡಿಸಲಿಲ್ಲ. ಮಚ್ಚೆಗಳನ್ನು ಒಂದೊಂದಾಗಿ ಕುಂಚದಲ್ಲಿ ಬಿಡಿಸಿ, ಅದೇ ಹಳೆಯ ಕೇಕಿನಲ್ಲಿದ್ದಂತೆ ಕಣ್ಣಿಗೆ ರೆಪ್ಪೆ ಇಟ್ಟಳು.

ಔತಣದ ದಿನ ಬೆಳಿಗ್ಗೆ ಮೈಯನ್ನು ವ್ಯಾನಿನ ಹಿಂದೆ ಜಾರದ ಚಾಪೆಯ ಮೇಲೆ ಇಟ್ಟು, ತಲೆಯ ಪೆಟ್ಟಿಗೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಸೀಟ್ ಬೆಲ್ಟ್ ಹಾಕಿದರು. ಚಿಕ್ಕಮ್ಮ ಎಂದಿನಂತೆ ಹಿಂದೆ, ಸ್ಟೂಲಿನ ಮೇಲೆ, ಜಿರಾಫೆಯ ಹೊಟ್ಟೆಗೆ ಕೈ ತಾಗಿಯೂ ತಾಗದಂತೆ ಹಿಡಿದು. ದಾರಿಯಲ್ಲಿ ಒಬ್ಬ ಸೈಕಲ್ಲಿನವನು ತಟ್ಟನೆ ಅಡ್ಡ ಬಂದ. ತಾನು ಅಡ್ಡ ಬರುತ್ತೇನೆಂದು ಆ ಸೈಕಲ್ಲಿನವನಿಗೇ ತಿಳಿಯುವ ಮುಂಚೆ ಪ್ಲಂಬರ್ ನಿಧಾನಿಸಿದ್ದ. ಸೇತುವೆಯ ಹತ್ತಿರ ರಸ್ತೆ ಅಗೆದಿದ್ದರು. ಆ ತಗ್ಗುಗಳನ್ನು ಅವನು ದಾಟಿಸಿದ ರೀತಿ ನೋಡಬೇಕಿತ್ತು, ಮಲಗಿದ ಮಗುವನ್ನು ತೊಟ್ಟಿಲು ಬದಲಿಸಿದ ಹಾಗೆ. ಔತಣದ ಹಾಲ್ ಮುಟ್ಟಿದಾಗ ಜಿರಾಫೆಯ ಮೈಮೇಲೆ ಒಂದು ಗೆರೆಯೂ ಬಿದ್ದಿರಲಿಲ್ಲ.

ಮೈಯನ್ನು ಮೇಜಿನ ಮೇಲೆ ನಿಲ್ಲಿಸಿದರು. ನೆಂಟರು ಒಬ್ಬೊಬ್ಬರಾಗಿ ಬರತೊಡಗಿದ್ದರು. ಅತ್ತೆ ಎಲ್ಲರಿಗಿಂತ ಮೊದಲೇ ಬಂದು, ಕೋಲು ಮೊಣಕಾಲಿಗೆ ಒರಗಿಸಿ, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಚಿಕ್ಕಮ್ಮ ಸ್ಟೂಲು ಹತ್ತಿದಳು. ಸಂದಿನ ಸುತ್ತ ಅಂಟಿಗೆಂದು ಕರಗಿಸಿದ ಚಾಕೊಲೇಟು ಬಳಿದಳು. ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕತ್ತಿನ ಮೇಲಿಟ್ಟು ತಿರುಗಿಸತೊಡಗಿದಳು. ಒಂದು ಸುತ್ತು, ಎರಡು ಸುತ್ತು. ಆಮೇಲೆ ಬಿಗಿಯಾಯಿತು, ನಿಂತೇಬಿಟ್ಟಿತು. ಇನ್ನೂ ಅರ್ಧ ಸುತ್ತು ಬಾಕಿ ಇತ್ತು. ಜಿರಾಫೆಯ ಮೂತಿ ಹಿಂದಕ್ಕಿತ್ತು. ತನ್ನ ಬಾಲವನ್ನು ತಾನೇ ನೋಡಿಕೊಂಡು ನಿಂತಿತ್ತು.

ಚಿಕ್ಕಮ್ಮ ಗಂಡನ ಕಡೆ ನೋಡಿದಳು. ಅವನ ಮುಖ ಸುಣ್ಣವಾಗಿತ್ತು. ತಲೆಯ ಕೊಳವೆಗೆ ಟೇಪು ಸುತ್ತಿಬಿಟ್ಟೆ ಎಂದು ಪಿಸುಗುಟ್ಟಿದ. ಅವಳು ಬಟ್ಟೆ ಬದಲಿಸಲು ಹೋಗಿದ್ದಾಗ, ಖಾಲಿ ಮರೆ ನೋಡಿ ಮನಸ್ಸು ತಡೆಯದೆ, ಯಾವ ನಲ್ಲಿಗಾದರೂ ಸುತ್ತುವಂತೆ ಬಿಳಿ ಟೇಪನ್ನು ಬಿಗಿಯಾಗಿ ಸುತ್ತಿಟ್ಟಿದ್ದ. ಹುಟ್ಟುಗುಣ ಸುಟ್ಟರೂ ಹೋಗದು. ಟೇಪಿನ ದಪ್ಪಕ್ಕೆ ಮರೆ ಅರ್ಧ ಸುತ್ತು ಮೊದಲೇ ಕಚ್ಚಿಕೊಂಡಿತ್ತು.

"ಯಾಕ್ರೀ ಸುತ್ತಿದ್ರಿ?"

"ಲೀಕ್ ಆಗಬಾರದಲ್ಲ ಅಂತ."

"ಕೇಕಿಂದ ಏನ್ರೀ ಲೀಕ್ ಆಗತ್ತೆ?"

ಬೇರೆ ದಿನವಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಅವಳು ತಲೆಯನ್ನು ಹಿಂದಕ್ಕೆ ತಿರುಗಿಸಿ ಬಿಚ್ಚಲು ನೋಡಿದಳು. ಚಾಕೊಲೇಟು ಆಗಲೇ ಗಟ್ಟಿಯಾಗಿ ಹಿಡಿದುಕೊಂಡಿತ್ತು, ತಲೆಯ ಜೊತೆಗೆ ಕತ್ತಿನ ತೊಗಲೂ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳತೊಡಗಿತು. ಕೈ ಬಿಟ್ಟಳು. ಮುಂದಕ್ಕೆ ಜಗ್ಗಿದರೆ ಒಳಗಿನ ಕೊಳವೆ ತಿರುಗಿ ಮೈಯ ಕೇಕೆಲ್ಲ ಬಿರಿಯುತ್ತದೆ. ಕಾಲು ಸುತ್ತು ಸಡಿಲಿಸಿದರೆ ಮೂತಿ ಪಕ್ಕಕ್ಕಾದರೂ ಬರುತ್ತಿತ್ತು, ನೋಡಲು ಅಷ್ಟು ಕೆಡುತ್ತಿರಲಿಲ್ಲ. ಆದರೆ ಸಡಿಲಿಸಿದ ಸಂದು ಸಡಿಲವೇ. ಯಾರಾದರೂ ಮೇಜಿಗೆ ತಾಗಿದರೆ ಜಿರಾಫೆ ತಲೆ ತೂಗುತ್ತದೆ. ಮೊದಲು ಒಮ್ಮೆ, ಆಮೇಲೆ ಇನ್ನೊಮ್ಮೆ.

ವಾರಗಿತ್ತಿ ದೂರದಿಂದಲೇ ನೋಡಿ ಅಡುಗೆಮನೆಯ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದಳು. ಅಲ್ಲಿ ಪೇಟೆಯ ಕೇಕು ಪೆಟ್ಟಿಗೆಯಲ್ಲಿ ಕಾಯುತ್ತಿತ್ತು. ತಪ್ಪು ನನ್ನದು ಅಂತ ನಾನೇ ಎಲ್ಲರಿಗೂ ಹೇಳುತ್ತೇನೆ ಎಂದ ಪ್ಲಂಬರ್. ಚಿಕ್ಕಮ್ಮ ಬೇಡವೆಂದು ತಲೆಯಾಡಿಸಿದಳು. ಸ್ಟೂಲಿನ ಮೇಲೆ ನಿಂತು ಅವಳು ಯೋಚಿಸಿದ್ದು ಬಹಳ ಹೊತ್ತೇನಲ್ಲ. ಹೊಸ ಸೊಸೆಯಾಗಿದ್ದಾಗ ಅವಳ ಮುಂದೆ ಚೆಂದ ಮತ್ತು ಗಟ್ಟಿ ಎಂಬ ಎರಡು ದಾರಿಯಿದ್ದಿದ್ದರೆ ಕಣ್ಣು ಮುಚ್ಚಿ ಚೆಂದದ ದಾರಿ ಹಿಡಿಯುತ್ತಿದ್ದಳು. ಹಿಡಿದೂ ಇದ್ದಳು. ಈಗ ಅವಳು ತಲೆಯನ್ನು ಇದ್ದ ಕಡೆಗೇ ಇನ್ನೊಂದು ಕೂದಲೆಳೆಯಷ್ಟು ಬಿಗಿದಳು.

ಆಮೇಲೆ ಡಬ್ಬಿಯಿಂದ ಉಳಿದ ಕೆಂಪು ಫಾಂಡೆಂಟು ತೆಗೆದು, ಮೇಜಿನ ತುದಿಯಲ್ಲೇ ಉದ್ದಕ್ಕೆ ಲಟ್ಟಿಸಿ, ಅಂಚಿಗೆ ಕುಚ್ಚು ಕತ್ತರಿಸಿ, ತಿರುಚಿಕೊಂಡ ಸಂದಿನ ಸುತ್ತ ಮಫ್ಲರಿನ ಹಾಗೆ ಸುತ್ತಿದಳು. ಒಂದು ತುದಿಯನ್ನು ಬೆನ್ನ ಮೇಲೆ ಇಳಿಬಿಟ್ಟಳು. ಕೆಳಗಿಳಿದು ನೋಡಿದಳು. ಜಿರಾಫೆ ಈಗ ಎಲ್ಲಿಗೋ ಹೊರಟು, ಯಾರೋ ಕರೆದರೆಂದು ನಿಂತು, ಹಿಂದೆ ತಿರುಗಿ ನೋಡಿದ ಹಾಗಿತ್ತು.

ಅತ್ತೆ ಕುರ್ಚಿಯಿಂದಲೇ ಕೇಳಿದರು. ಅವರ ದನಿ ಮೊದಲೇ ದೊಡ್ಡದು, ಹಾಲೆಲ್ಲ ಕೇಳಿಸಿತು. "ಯಾಕೆ ಜಿರಾಫೆ, ಅದು ಹಿಂದೆ ತಿರುಗಿ ನೋಡ್ತಾ ಇದೆ?"

ಚಿಕ್ಕಮ್ಮ ಕೈ ಒರೆಸಿಕೊಂಡಳು. ಅವಳ ಗದ್ದ ಮೇಲೇರಿತು.

"ಅವತ್ತು ಬಿದ್ದಿತ್ತಲ್ಲ ಅತ್ತೆ," ಎಂದಳು. "ಬಿದ್ದ ಜಾಗ ನೋಡ್ಕೋತಾ ಇದೆ."

ಯಾರೂ ನಗಲಿಲ್ಲ. ಅತ್ತೆ ಸೊಸೆಯನ್ನು ನೋಡಿದರು, ಜಿರಾಫೆಯನ್ನು ನೋಡಿದರು. ಆಮೇಲೆ ಕೋಲೂರಿ ಎದ್ದು, ಯಾರ ಕೈಯನ್ನೂ ಹಿಡಿಯದೆ, ಮೇಜಿನ ಹತ್ತಿರ, ಜಿರಾಫೆಯ ಬಾಲದ ಕಡೆಗೆ ಬಂದರು. ಬಂದವರೇ ಅಂಗೈಯಿಂದ ಮೇಜನ್ನು ಬಲವಾಗಿ ನೂಕಿದರು. ವಾರಗಿತ್ತಿ ಅಯ್ಯೋ ಎಂದಳು. ತಟ್ಟೆಗಳು ಗಲಗಲ ಎಂದವು, ಲೋಟವೊಂದು ಉರುಳಿತು. ಅತ್ತೆ ಇನ್ನೊಮ್ಮೆ ನೂಕಿದರು. ಜಿರಾಫೆ ಅವರ ತಲೆಯ ಮೇಲಿಂದ ಹಿಂದೆ ನೋಡುತ್ತ ಸುಮ್ಮನೆ ನಿಂತಿತ್ತು. ಮುದುಕಿ ಅದರ ಮೂತಿಯನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತರು.

ಆಮೇಲೆ ಹಿರಿಯ ಸೊಸೆಯ ಕಡೆ ತಿರುಗಿದರು. "ಒಳಗಿರೋ ಆ ಕೇಕನ್ನ ಪಾತ್ರೆ ತೊಳೆಯೋರಿಗೆ ಹಂಚಿಬಿಡು. ಈಗಲೇ ಹಂಚು."

ಪ್ಲಂಬರ್ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡ. ಚಿಕ್ಕಮ್ಮನಿಗೆ ಕಣ್ಣು ಮಂಜಾಗಿತ್ತು, ಆದರೆ ಅಳಲಿಲ್ಲ. ಅಳುವಷ್ಟು ಹೊತ್ತೂ ಸಿಗಲಿಲ್ಲ. ಗುಬ್ಬಿ ಮದುಮಗಳ ಉದ್ದ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಓಡಿ ಬಂದು, ಜಿರಾಫೆಯ ಎದುರು ನಿಂತು, ಇದರ ತಲೆ ಈ ಸಲ ನನ್ನ ಮಡಿಲಿಗೆ ಬರುವುದಿಲ್ಲವಲ್ಲ ಎಂದು ಗೋಳಾಡಿ ಎಲ್ಲರನ್ನೂ ನಗಿಸಿದಳು. ನೆಂಟರು ಅವತ್ತಿನ ಕಥೆ ಕೇಳಿದರು. ಗಂಡಿನ ಕಡೆಯ ಹೆಂಗಸೊಬ್ಬಳು ಯಾರು ಮಾಡಿದ್ದು ಇದನ್ನು ಎಂದು ಕೇಳಿದಾಗ ಅತ್ತೆ ಕೋಲನ್ನು ಚಿಕ್ಕಮ್ಮನ ಕಡೆ ಚಾಚಿದರು. ಅವಳೇ, ನನ್ನ ಸೊಸೆ, ಮಾಡಿದ್ದಲ್ಲ ಕಟ್ಟಿದ್ದು ಎಂದು ತಿದ್ದಿದರು. ಇಷ್ಟು ವರ್ಷ ಕಾಫಿ ಕುಡಿಯುತ್ತ ಅವಳ ಮಾತನ್ನು ಕಿವಿಗೆ ಹಾಕಿಕೊಂಡಿದ್ದರೆಂದು ಚಿಕ್ಕಮ್ಮನಿಗೆ ತಿಳಿದದ್ದೇ ಆಗ.

ಗುಬ್ಬಿ ಮತ್ತು ಅವಳ ಗಂಡ ಜಿರಾಫೆಯ ಬೆನ್ನಿನಿಂದ ಮೊದಲ ತುಂಡು ಕತ್ತರಿಸಿದರು. ಚಾಕು ಎಲ್ಲಿ ಇಳಿಯಬೇಕು, ಎಲ್ಲಿ ಇಳಿಯಬಾರದು ಎಂದು ಚಿಕ್ಕಮ್ಮ ಪಕ್ಕದಲ್ಲಿ ನಿಂತು ತೋರಿಸಿದಳು. ಆಮೇಲೆ ಜನ ಸಾಲಾಗಿ ಬಂದರು. ಬೆನ್ನು ಹೋಯಿತು, ಹೊಟ್ಟೆ ಹೋಯಿತು, ಮಕ್ಕಳು ಬಾಲ ಕಿತ್ತುಕೊಂಡು ಓಡಿದರು. ಕಡೆಗೆ ಮೇಜಿನ ಮೇಲೆ ಉಳಿದದ್ದು ನಾಲ್ಕು ಕಾಲು, ಒಂದು ಖಾಲಿ ಹಲಗೆ, ಉದ್ದ ಕತ್ತು, ಕೆಂಪು ಮಫ್ಲರು ಸುತ್ತಿಕೊಂಡು ಹಿಂದೆ ನೋಡುವ ತಲೆ. ಮೈ ಇಲ್ಲದ ಜಿರಾಫೆ ನೆಟ್ಟಗೆ ನಿಂತೇ ಇತ್ತು.

ನೆಂಟರು ಹೊರಡುತ್ತಿದ್ದರು. ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ಪ್ಲಂಬರ್ ಚೀಲದಿಂದ ಸ್ಪ್ಯಾನರು ತೆಗೆದು ತನ್ನ ಫ್ಲ್ಯಾಂಜು ಬಿಚ್ಚಿಕೊಳ್ಳಲು ಮೇಜಿನ ಕಡೆ ಬಾಗಿದ. ಅತ್ತೆ ಇನ್ನೂ ಮುಂದಿನ ಸಾಲಿನಲ್ಲೇ ಕೂತಿದ್ದರು. ತಟ್ಟೆಯಲ್ಲಿ ಒಂದಿಷ್ಟು ಕೇಕು ಉಳಿದಿತ್ತು. ಕೋಲಿನ ತುದಿಯಿಂದ ಮಗನ ಬೆನ್ನನ್ನು ಮೆಲ್ಲಗೆ ತಟ್ಟಿದರು.

"ಬಿಚ್ಚಬೇಡ ಕಣೋ," ಎಂದರು. "ಇನ್ನೂ ಸ್ವಲ್ಪ ಹೊತ್ತು ನಿಂತಿರಲಿ."